ಅಸ್ಫಲೇಸ್ ಎಂಬ ಗ್ರೀಕ್ ಪದದ ಅರ್ಥವಿಚಾರ

ಮಳೆಗಾಲದಲ್ಲಿ ಕೋಟದ ಬಯಲಿನಲ್ಲಿ ತೋಡಿನ ಕಾಲುಸಂಕವನ್ನು ದಾಟುವವನು ಒಂದು ಕಾಲನ್ನು ಊರಿ, ಅದು ಜಾರುವದಿಲ್ಲವೆಂದು ತಿಳಿದ ಮೇಲೆಯೇ ಮತ್ತೊಂದನ್ನು ಎತ್ತುವನಷ್ಟೆ. ನಿಶ್ಚಯವಾದದ್ದು ಎಂಬದಕ್ಕೆ ಗ್ರೀಕರು ಹೇಳುವ ಅಸ್ಫಲೇಸ್ ಎಂಬ ಮಾತು ಇಂಥ ಕಾಲಿನಿಂದಲೇ ಹುಟ್ಟಿತು. ಹೇಗಂದರೆ, ಸ್ಫಲ್ಲೋ ಎಂಬ ಕ್ರಿಯಾಪದಕ್ಕೆ ಎಡವಿಸು, ಬೀಳಿಸು ಎಂದರ್ಥ. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡಹುವದಕ್ಕೂ ಅದೇ ಮಾತು. ನಮ್ಮ ಅನ್ಯಾಯ, ಅಶುದ್ಧ ಎಂಬವುಗಳಲ್ಲಿರುವಂತೆ ಅದರ ಮುಂದೆ ಅಕಾರ ಬಂದರೆ ಇಲ್ಲವೆಂಬ ಅರ್ಥವಾಗುವದು. ಆದದರಿಂದ ಅಸ್ಫಲೇಸ್ ಅಂದರೆ ಎಡವಿ ಬೀಳದಂಥದು. ಅದರಲ್ಲಿ ಕ್ಷೇಮವೆಂಬ ಅರ್ಥವೂ ಕೂಡಿದೆ. ಫಿಲಿಪ್ಪಿಯರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದ ಆರಂಭದಲ್ಲಿ ಆ ಅರ್ಥವೇ.

ಹೊಸ ಒಡಂಬಡಿಕೆಯಲ್ಲಿ ಈ ಗುಣವಾಚಕವು ಐದೇ ಸಾರಿ ಬರುತ್ತದೆ. ಅವುಗಳಲ್ಲಿ ಮೂರು ಪೌಲನ ವ್ಯಾಜ್ಯಕ್ಕೆ ಸಂಬಂಧಪಟ್ಟವು. ಯೆರೂಸಲೇಮಿನಲ್ಲಿ ಒಬ್ಬನು ಒಂದು ತರ, ಇನ್ನೊಬ್ಬನು ಇನ್ನೊಂದು ತರ ಕೂಗಲು, ಸಹಸ್ರಾಧಿಪತಿಗೆ ನಿಶ್ಚಯವು ತಿಳಿಯದೆ ಹೋಯಿತು. ಮರುದಿನ ಅದನ್ನು ತಿಳಿಯಬೇಕೆಂದು ಸಭೆ ಕೂಡಿಸಿದನು. ಎರಡು ವರುಷ ಕಳೆದ ಮೇಲೂ ಫೆಸ್ತನು, ಈ ಸೆರೆಯವನ ವಿಷಯದಲ್ಲಿ ಚಕ್ರವರ್ತಿಗೆ ಬರೆಯತಕ್ಕ ನಿಶ್ಚಯವಾದದ್ದೊಂದೂ ತನಗಿಲ್ಲವೆಂದನು. ಇಷ್ಟು ದಿವಸ ಒಬ್ಬ ಮನುಷ್ಯನು ಬೇಡಿಯಲ್ಲಿ ಕೂತದ್ದು ಯಾವದರ ಮೇಲೆ? ಬರೀ ಕೂಗಿನ ಮೇಲೆ. ಸಂತೆಯಲ್ಲಿ ಕೇಳಿದ್ದನ್ನು ಮನೆ ಮುಟ್ಟುವದರೊಳಗೆ ನಿಶ್ಚಯವೆನ್ನುವ ನಾವು ಈ ಮೂರು ವಾಕ್ಯಗಳನ್ನು ಮೆಲ್ಲಗೆ ಓದತಕ್ಕದ್ದು.

ಐದನೆಯದು ಇಬ್ರಿಯರಿಗೆ 6:19. ಅಲ್ಲಿ ನಿರೀಕ್ಷೆಯನ್ನು ದೋಣಿಯ ಲಂಗರಿಗೆ ಹೋಲಿಸಿ, ಅಸ್ಫಲೇಸ್ ಎಂಬದರ ಜೊತೆಗೆ ಬೆಬಾಯೋಸ್ ಎಂಬ ಇನ್ನೊಂದು ಪದವನ್ನೂ ಇಟ್ಟಿದೆ. ಲಂಗರು ಮರಳಿನಲ್ಲಿ ಎಳೆದುಕೊಂಡು ಬಂದರೆ ದೋಣಿಯ ಗತಿ ಏನೆಂಬದನ್ನು ನಮ್ಮ ಕಡಲ ಕರೆಯವರಿಗೆ ಹೇಳಬೇಕಾಗಿಲ್ಲ.

ಬೆಬಾಯೋಸ್ ಎಂಬದು ಹೆಜ್ಜೆಯಿಡು ಎಂಬ ಅರ್ಥದ ಬಾಯ್ನೋ ಎಂಬ ಧಾತುವಿನದು, ಕಾಲಿಟ್ಟರೆ ಕುಸಿಯದಂಥದು. ಇದೇ ಪದದ ಬಳಗವು ಕ್ರಯಪತ್ರಗಳಲ್ಲಿಯೂ ಸಲ್ಲುತ್ತಿತ್ತೆಂದು ಜರ್ಮನ್ ಪಂಡಿತರಾದ ಡೈಸ್‌ಮನ್ನರು 1895ರಲ್ಲಿ ತೋರಿಸಿದರು. ಮಾರಿದ ಸೊತ್ತಿನ ಮೇಲೆ ಬೇರೊಬ್ಬನು ತಕರಾರು ಎತ್ತಿದರೆ ಮಾರಿದವನೇ ನಿಂತು ಉತ್ತರ ಕೊಡಬೇಕೆಂಬ ಜವಾಬ್ದಾರಿಗೆ ಬೆಬಾಯೋಸಿಸ್ ಎಂದು ಹೆಸರು.

ಇದರ ಬೆಲೆಯನ್ನು ನಮ್ಮ ಹಿರಿಯರು ಬಲ್ಲರು. ಈ ಜಿಲ್ಲೆಯಲ್ಲಿ ಮೂಲಗೇಣಿಯವನು ತಲೆತಲಾಂತರಕ್ಕೆ ನಿಲ್ಲುತ್ತಿದ್ದನು. ಚಾಲಗೇಣಿಯವನನ್ನಾದರೋ ಧಣಿಯು ಮನಸ್ಸು ಬಂದಾಗ ಎಬ್ಬಿಸಬಹುದಾಗಿತ್ತು. ಬೆಳೆ ಎಷ್ಟು ಚೆನ್ನಾಗಿದ್ದರೂ ಅವನ ಕಾಲಡಿಯ ನೆಲ ಬೆಬಾಯೋಸ್ ಆಗಿರಲಿಲ್ಲ. 1974ರ ಭೂಸುಧಾರಣೆಯ ತರುವಾಯ ಡಿಕ್ಲರೇಶನ್ ಕೊಟ್ಟು ಹಕ್ಕು ಪಡೆದವರು, ಅದೇ ಗದ್ದೆಯ ಅಂಚಿನಲ್ಲಿ ತೆಂಗಿನ ಸಸಿ ನೆಟ್ಟರು.