ಮುಳುಗಡೆಯ ಮನೆತನಗಳು: ಲಿಂಗನಮಕ್ಕಿ ಹಿನ್ನೀರಿನ ಕುಟುಂಬ ಚರಿತ್ರೆಯ ಆಕರಗಳು

ಹಳೆಯ ಛಾಯಾಚಿತ್ರ, ತಲೆಮಾರುಗಳಿಂದ ಬಂದ ವಸ್ತು, ನೆಲದಲ್ಲಿ ಉಳಿದ ಕುರುಹು – ಈ ಮೂರನ್ನೂ ಕುಟುಂಬ ಚರಿತ್ರೆಯ ಆಕರಗಳೆಂದು ಪರಿಗಣಿಸುವುದು ರೂಢಿ. ಈ ರೂಢಿಯ ಹಿಂದೆ ಮನೆ ಇದ್ದಲ್ಲಿಯೇ ಇದೆ ಎಂಬ ಗೃಹೀತವೊಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆ ಜಲಾವೃತವಾದ ಮೇಲೆ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳಿಗೆ ಈ ಗೃಹೀತ ಅನ್ವಯಿಸದು. ಇಲ್ಲಿ ಆಕರ ಏನನ್ನು ಹೇಳುತ್ತದೆ ಎನ್ನುವುದಕ್ಕಿಂತ ಮೊದಲು ಯಾರ ಆಕರ ಉಳಿಯಿತು ಎಂದು ಕೇಳಬೇಕಾಗುತ್ತದೆ.

ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿ ನಿಂತ ಮರದ ಬೊಡ್ಡೆಗಳು ಹೊರಬರುತ್ತವೆ. ನೀರು ತೀರ ತಗ್ಗಿದ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಕಾಣುತ್ತದೆ. 1939ರಲ್ಲಿ ಆರಂಭವಾಗಿ 1948ರ ಹೊತ್ತಿಗೆ ಮುಗಿದ ಆ ಕಟ್ಟೆ ಹದಿನಾರು ವರ್ಷಗಳಲ್ಲಿ ಮತ್ತೊಂದು ಕಟ್ಟೆಯ ನೀರಿನಲ್ಲಿ ಮುಳುಗಿತು. ಕ್ಷೇತ್ರಕಾರ್ಯದ ದೃಷ್ಟಿಯಿಂದ ಇದು ಬಹು ಮುಖ್ಯ. ಹಿರಿಯರು ‘ಮುಳುಗಡೆ’ ಎಂದಾಗ ಅದು ಯಾವ ಮುಳುಗಡೆ ಎಂದು ವಿಚಾರಿಸದಿದ್ದರೆ ವಂಶಾವಳಿಯಲ್ಲಿ ಒಂದು ತಲೆಮಾರಿನ ಸ್ಥಳಾಂತರವೇ ಬಿಟ್ಟುಹೋದೀತು.

ಛಾಯಾಚಿತ್ರಗಳು ನೀಡುವ ಸಹಾಯ ಸೀಮಿತವಾದುದು. ಪೇಟೆಯ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ತೆಗೆಸಿಕೊಂಡ ಚಿತ್ರದಲ್ಲಿ ಮುಖಗಳಿರುತ್ತವೆ, ಉಡುಪು ಒಡವೆಗಳಿರುತ್ತವೆ, ಮನೆ ಮಾತ್ರ ಇರುವುದಿಲ್ಲ. ಕಣಿವೆಯ ಬದುಕಿನ ಚಿತ್ರವನ್ನು ಕನ್ನಡ ಓದುಗರಿಗೆ ಕಟ್ಟಿಕೊಟ್ಟದ್ದು ಕ್ಯಾಮರಾ ಅಲ್ಲ, ಕಾದಂಬರಿ. ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದ ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕೃತಿಗಳನ್ನು ಇಲ್ಲಿ ನೆನೆಯಬಹುದು. ಆದರೆ ಕಾದಂಬರಿಯನ್ನು ಕುಟುಂಬವೊಂದರ ದಾಖಲೆಯಾಗಿ ಬಳಸಲಾಗದು.

ಉಳಿದದ್ದು ವಸ್ತುಗಳು. ಮುಂಡಿಗೆ, ತೊಲೆ, ಬಾಗಿಲುವಾಡಗಳು ಬಿಚ್ಚಿ ಸಾಗಿಸಬಹುದಾದಂಥವು. ಹೊಸ ಮನೆಗೆ ಹೊಂದದ ಹಳೆಯ ಮುಂಡಿಗೆಯ ಅಳತೆಯಿಂದ ಮೂಲ ಮನೆಯ ಜಗಲಿಯ ಎತ್ತರವನ್ನು ಊಹಿಸಲು ಸಾಧ್ಯ. ಕಡತಗಳೂ, ಭೂದಾಖಲೆಗಳೂ ಪೆಟ್ಟಿಗೆಯಲ್ಲಿ ಬಂದವು. ಆದರೆ ಮುಂಡಿಗೆ, ಕಡತಗಳು ಇದ್ದುದು ಭೂಮಿ ಇದ್ದವರ ಮನೆಯಲ್ಲಿ. ಇದೇ ಸಾಗರ ಸೀಮೆಯಲ್ಲಿ 1951ರ ಕಾಗೋಡು ಸತ್ಯಾಗ್ರಹ ನಡೆದಿತ್ತೆಂಬುದನ್ನೂ, ಉಳುವವನಿಗೆ ಒಡೆತನ ಕೊಟ್ಟ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತೆಂಬುದನ್ನೂ ಒಟ್ಟಿಗಿಟ್ಟು ನೋಡಬೇಕು. ಅರ್ಜಿ ಸಲ್ಲಿಸುವ ಕಾಲ ಬರುವುದಕ್ಕೆ ಒಂದು ದಶಕ ಮೊದಲೇ ಗೇಣಿದಾರನು ಉತ್ತ ಗದ್ದೆ ನೀರಿನಡಿ ಸೇರಿತ್ತು. ಅರಣ್ಯಭೂಮಿಯಲ್ಲಿ ನೆಲೆಗೊಂಡ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳ ಅನಂತರವೂ ಪೂರ್ಣವಾಗಿ ಬಗೆಹರಿದಿಲ್ಲವಾದ್ದರಿಂದ, ಒಂದು ಚೀಟಿ ಇದೆಯೇ ಇಲ್ಲವೇ ಎಂಬುದು ಕೇವಲ ಸಂಶೋಧಕನ ಕುತೂಹಲವಲ್ಲ.

ಹಾಗೆಂದು ಒಕ್ಕಲು ಮನೆಗಳಿಗೆ ಚರಿತ್ರೆಯಿಲ್ಲವೆಂದು ತೀರ್ಮಾನಿಸುವುದು ಆಕರದ ಮಿತಿಯನ್ನು ಜನರ ಮಿತಿಯೆಂದು ತಿಳಿದಂತೆ. ದೀವರ ಮನೆಗಳ ಹಸೆ ಚಿತ್ತಾರವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಬರೆದ ಚಿತ್ತಾರ ಗೋಡೆಯೊಡನೆ ಕರಗಿತು; ಬರೆಯುವ ಕೈ ಮಾತ್ರ ಹೊಸ ಊರಿಗೆ ಬಂದಿತು. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಅದೇ ಎಳೆಗಳು ವರ್ಷವರ್ಷವೂ ಮರಳಿ ಮೂಡುತ್ತವೆ. ವಸ್ತು ಹೊಸದು, ವಿನ್ಯಾಸ ಹಳೆಯದು. ವಸ್ತುವಿನ ವಯಸ್ಸನ್ನೇ ಮೌಲ್ಯವೆಂದು ಭಾವಿಸುವ ವಸ್ತುಸಂಗ್ರಹಾಲಯದ ಕ್ರಮ ಇಲ್ಲಿ ಉಪಯೋಗಕ್ಕೆ ಬಾರದು.

ಇನ್ನೂ ಒಂದು ಸಂಗತಿಯಿದೆ. ಚಿತ್ತಾರ ಹೆಂಗಸರ ವಿದ್ಯೆ. ತಾಯಿಯಿಂದ, ಅಜ್ಜಿಯಿಂದ ಕಲಿತದ್ದು ಮದುವೆಯೊಡನೆ ಗಂಡನ ಮನೆಗೆ ಹೋಗುತ್ತದೆ. ತಂದೆಯಿಂದ ಮಗನಿಗೆ ಇಳಿಯುವಂತೆ ಬರೆದ ವಂಶವೃಕ್ಷದಲ್ಲಿ ಈ ಸಂಚಾರ ದಾಖಲಾಗುವುದೇ ಇಲ್ಲ. ಆದ್ದರಿಂದ ಪುನರ್ವಸತಿ ಊರುಗಳ ಪ್ರಶ್ನಾವಳಿಯಲ್ಲಿ ಯಜಮಾನನ ಮೂಲ ಊರಿನ ಜೊತೆಗೆ ಅಜ್ಜಿಯ ತವರೂರಿನ ಹೆಸರನ್ನೂ ಕೇಳಬೇಕು; ಆ ತವರೂ ಮುಳುಗಿದ್ದಲ್ಲಿ, ಯಾವ ಕಟ್ಟೆಯ ನೀರಿನಲ್ಲಿ ಎಂಬುದನ್ನೂ.