ನೋವಿನ ಮಾತ್ರೆ: ನುಂಗುವ ಮೊದಲು ಹಾಳೆ ತಿರುಗಿಸಿ

ಆಲಂಕಾರು, ಕಡಬದ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಹಿರಿಯರ ಸೊಂಟ, ಮೊಣಕಾಲು ನೋವೂ ಶುರು. ಹಳೇ ಚೀಟಿ ತೋರಿಸಿ ‘ಅದೇ ಮಾತ್ರೆ ಕೊಡಿ’ ಎಂದು ತಂದು ವಾರಗಟ್ಟಲೆ ನುಂಗುತ್ತಾರೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್ ಎಲ್ಲವೂ ಒಂದೇ ಬಳಗ. ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳವನ್ನು ಇವು ಬಿಗಿಯಾಗಿಸುತ್ತವೆ. ವಯಸ್ಸಾದ ಕಿಡ್ನಿ ಅದನ್ನು ತಾಳುವುದು ಕಷ್ಟ.

ಮೊದಲ ಕೆಲಸ, ಮಾತ್ರೆಯ ಹಾಳೆ ತಿರುಗಿಸಿ ಓದುವುದು. ದಪ್ಪಕ್ಷರದ್ದು ಕಂಪೆನಿ ಇಟ್ಟ ಹೆಸರು. ಒಳಗೇನಿದೆ ಎಂಬುದು ಸಣ್ಣಕ್ಷರದಲ್ಲಿರುತ್ತದೆ: ಅಸಿಕ್ಲೊಫೆನಾಕ್ 100 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ, ಹೀಗೆ. ಸೊಂಟಕ್ಕೆ ಒಬ್ಬರು, ಮೊಣಕಾಲಿಗೆ ಇನ್ನೊಬ್ಬರು ಬರೆದ ಎರಡು ಬೇರೆ ಹೆಸರಿನ ಮಾತ್ರೆಗಳಲ್ಲಿ ಒಂದೇ ಬಳಗದ ಮದ್ದು ಇರುವುದು ಅಪರೂಪವಲ್ಲ. ಮೆಡಿಕಲ್‌ನಲ್ಲಿ ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟರೆ ಹೆಸರು ಅಂಗಡಿಯಲ್ಲೇ ಉಳಿಯುತ್ತದೆ. ಆಮೇಲೆ ಡಾಕ್ಟರರೆದುರು ‘ಹಳದಿ ಮಾತ್ರೆ’ ಎಂದರೆ ಅವರೇನು ಮಾಡಿಯಾರು? ಹೆಸರಿಲ್ಲದ ತುಂಡು ತರಲೇಬೇಡಿ, ಇಲ್ಲವೇ ಅಲ್ಲೇ ಬರೆಸಿಕೊಳ್ಳಿ.

ಬಿ.ಪಿ. ಮಾತ್ರೆಯನ್ನೂ ಹೀಗೆಯೇ ನೋಡಿ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಇದೆಯೇ? ಜತೆಗೆ ಮೂತ್ರ ಹೆಚ್ಚಿಸುವ ಮದ್ದೂ ಇದೆಯೇ? ಎಷ್ಟೋ ಬಾರಿ ಎರಡೂ ಒಂದೇ ಮಾತ್ರೆಯಲ್ಲಿರುತ್ತವೆ. ಇದರ ಮೇಲೆ ನೋವಿನ ಮಾತ್ರೆ ಬಿದ್ದರೆ ಕಿಡ್ನಿ ಹಠಾತ್ತನೆ ಸೋಲಬಹುದು. ಬಿಡಬೇಕಾದ್ದು ನೋವಿನ ಮಾತ್ರೆಯನ್ನು, ಬಿ.ಪಿ.ಯದ್ದನ್ನಲ್ಲ. ‘ಗ್ಯಾಸಿನ ಮಾತ್ರೆ ಒಟ್ಟಿಗೇ ತಗೊಳ್ತೇನಲ್ಲ’ ಎನ್ನುವವರಿಗೆ: ಅದು ಕಾಯುವುದು ಹೊಟ್ಟೆಯನ್ನು, ಕಿಡ್ನಿಯನ್ನಲ್ಲ.

ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಅವುಗಳ ಹೆಣ ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ ಕೊಲ್ಲುತ್ತಿದೆಯೆಂದು 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದರು. ಮನುಷ್ಯನಿಗೆ ಅಷ್ಟು ವಿಷವಲ್ಲ, ನಿಜ. ಆದರೂ ಪೆಪ್ಪರಮಿಂಟಿನಂತೆ ಜೇಬಿನಲ್ಲಿಟ್ಟುಕೊಳ್ಳುವ ವಸ್ತು ಅಲ್ಲವೇ ಅಲ್ಲ.

ವಾಂತಿ, ಭೇದಿ, ಜ್ವರ ಇರುವಾಗ ಈ ಬಳಗವನ್ನು ಮುಟ್ಟಬೇಡಿ. ಮಳೆಗಾಲದ ಜ್ವರ ಡೆಂಗಿ ಆಗಿದ್ದರೆ ರಕ್ತಸ್ರಾವದ ಭಯ. ಇಲಿಜ್ವರವಾದರೆ ಅದೇ ಕಿಡ್ನಿಗೆ ಏಟು ಕೊಡುತ್ತದೆ.

ನೋವಿಗೆ ಮೊದಲು ಬಿಸಿ ಶಾಖ, ತೊಡೆಗೆ ಬಲ ಕೊಡುವ ವ್ಯಾಯಾಮ, ಡಾಕ್ಟರರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್. ಹಚ್ಚುವ ಜೆಲ್ ರಕ್ತಕ್ಕೆ ಸೇರುವುದು ಕಡಿಮೆ; ಕಿಡ್ನಿ ತೊಂದರೆ ಇದ್ದವರು ಅದನ್ನೂ ಕೇಳಿಯೇ ಹಚ್ಚಿ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಎಂದು ಸುಮ್ಮನಾಗಬೇಡಿ. ಸಪೂರ ಮೈಯ ಹಿರಿಯರಲ್ಲಿ ಅದು ಮೋಸ ಮಾಡುತ್ತದೆ; ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು, ಅಂದರೆ ಇ-ಜಿಎಫ್‌ಆರ್, ಎಷ್ಟು ಎಂದು ಕೇಳಿ. ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ಕಿಡ್ನಿ ಕುಂದಿದೆ. 30ಕ್ಕಿಂತ ಕೆಳಗಿದ್ದರೆ ಈ ಮಾತ್ರೆಗಳು ಬೇಡವೇ ಬೇಡ. ಮೂತ್ರ ಕಡಿಮೆಯಾದರೆ, ಕಾಲು ಬಾತರೆ, ಏದುಸಿರು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಮನೆಯಲ್ಲಿರುವ ಮಾತ್ರೆಯ ಹಾಳೆಗಳನ್ನೆಲ್ಲ ತೆಗೆದುಕೊಂಡು.