ಗುಂಡಿ ಕೇಳದ ಹಳೇ ಸ್ಟೀರಿಯೊ: ಮೊದಲು ಸ್ಪ್ರೇ ಕೆಳಗಿಡಿ

ಕಲಬುರಗಿ ಸುತ್ತಿನ ಕೋಟನೂರ, ಕಮಲಾಪುರದ ಕಡೆ 1980ರ ದಶಕದ ಸ್ಟೀರಿಯೊ ರಿಸೀವರ್‌ಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಸೌದಿ, ದುಬೈಗೆ ದುಡಿಯಲು ಹೋದವರು ಹೊತ್ತು ತಂದದ್ದು, ಇಲ್ಲವೇ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಧ್ವನಿ ಈಗಲೂ ಗಟ್ಟಿ. ಕೈಕೊಡುವುದು ಮುಂಭಾಗದ ಟಚ್ ಗುಂಡಿಗಳು. ‘ಸೆಟ್ ಚಾಲೂ ಆಗ್ತದ್ರಿ, ಖರೆ ಎಷ್ಟ್ ಒತ್ತಿದ್ರೂ ಸ್ಟೇಷನ್ ಬದಲಾಗವಲ್ದು’ ಎಂಬ ದೂರು ಬರುವ ಹೊತ್ತಿಗೆ ಮನೆಯವರು ಒಂದು ಡಬ್ಬಿ ಸ್ಪ್ರೇ ಖಾಲಿ ಮಾಡಿರುತ್ತಾರೆ. ಅಲ್ಲಿಂದ ಕೆಲಸ ಎರಡು ಪಟ್ಟು.

ಬಿಚ್ಚುವ ಮುನ್ನ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆರಿಸಿದರೆ ಸಾಲದು. ಹಿಂಭಾಗದಲ್ಲಿ ವೋಲ್ಟೇಜ್ ಸೆಲೆಕ್ಟರ್ ಇದ್ದರೆ ಅದು 220 ಅಥವಾ 240ರಲ್ಲಿ ಇದೆಯೇ ನೋಡಿ. ಸೌದಿಯಲ್ಲಿ ಆಗ 127 ವೋಲ್ಟ್ ಕರೆಂಟ್ ಇತ್ತು. ಅಲ್ಲಿಂದ ಬಂದ ಸೆಟ್ಟಿನ ಸೆಲೆಕ್ಟರ್ ಹಾಗೇ ಉಳಿದಿದ್ದು ನಮ್ಮ 230ಕ್ಕೆ ಹಚ್ಚಿದರೆ ಗುಂಡಿಯ ಚಿಂತೆಯೇ ಇರುವುದಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿರುತ್ತದೆ. ಮೇಲಿನ ಮುಚ್ಚಳ ತೆಗೆದ ಮೇಲೆ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಎರಡು ತುದಿಗೆ ಒಂದು ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ತುಸು ಹೊತ್ತು ಹಿಡಿದು, ಮೀಟರ್ ಒಂದು ವೋಲ್ಟಿಗಿಂತ ಕೆಳಗೆ ತೋರಿಸಿದ ಮೇಲೆಯೇ ಒಳಗೆ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಚಟ ಬೇಡ.

ಸ್ಪ್ರೇ ಯಾಕೆ ಬೇಡ

ಸೈಕಲ್ ಚೈನಿಗೆ, ತುಕ್ಕು ಹಿಡಿದ ಬೋಲ್ಟಿಗೆ ಹೊಡೆಯುವ ಸ್ಪ್ರೇ ಎಣ್ಣೆಯ ಪದರ ಬಿಟ್ಟು ಹೋಗುತ್ತದೆ. ಅದರ ಕೆಲಸವೇ ಅದು. ಹೊಡೆದ ದಿನ ಗುಂಡಿ ಕೇಳುತ್ತದೆ, ಮನೆಯವರಿಗೂ ಖುಷಿ. ಆಮೇಲೆ ಆ ಎಣ್ಣೆಗೆ ಧೂಳು ಅಂಟುತ್ತದೆ. ನಮ್ಮ ಧೂಳು ಎಂಥದ್ದೆಂದು ಹೇಳಬೇಕಿಲ್ಲ: ಎರೆ ಮಣ್ಣು, ತೊಗರಿ ರಾಶಿಯ ಹೊಟ್ಟು, ದಾಲ್ ಮಿಲ್ಲಿನ ಪುಡಿ. ಎಲ್ಲ ಸೇರಿ ಸ್ವಿಚ್ಚಿನೊಳಗೆ ಜಿಗುಟು ಕೆಸರಾಗುತ್ತದೆ. ಲೋಹದ ಪಟ್ಟಿ ಮುಟ್ಟಿದರೆ ಕೆಲಸ ಮಾಡುವ ಸೆಟ್ಟುಗಳಲ್ಲಿ ಇನ್ನೂ ಕೇಡು. ಅಲ್ಲಿ ಸರ್ಕ್ಯೂಟಿಗೆ ಬೇಕಿರುವುದು ಅತಿ ಸಣ್ಣ ಕರೆಂಟ್. ಕೊಳಕು ಪದರದ ಮೂಲಕ ಅಷ್ಟು ಸೋರಿದರೂ ಸಾಕು, ಯಾರೂ ಮುಟ್ಟದೆ ವಾಲ್ಯೂಮ್ ತಾನೇ ಏರುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಹಚ್ಚುವವರೂ ಇದ್ದಾರೆ. ಪ್ಲಾಸ್ಟಿಕ್ ಬಿರುಕು ಬಿಡುವುದು ಒಂದು, ಬೆಂಕಿಯ ಭಯ ಇನ್ನೊಂದು. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ, ಅದೂ ನಡೆಯುವುದಿಲ್ಲ. ಬೇಕಾದದ್ದು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್. ಬಾಟಲಿಯಿಂದ ಸುರಿಯಬೇಡಿ, ಹತ್ತಿಗೆ ಅದ್ದಿ ಒರೆಸಿ. ಫಲಕದ ಮೇಲಿನ ಅಕ್ಷರಗಳಿಗೆ ಮಾತ್ರ ಅದನ್ನು ತಾಗಿಸಬೇಡಿ. ಕೆಲವು ಸೆಟ್ಟುಗಳಲ್ಲಿ ಅಕ್ಷರವೇ ಎದ್ದು ಬರುತ್ತದೆ.

ಈಗಾಗಲೇ ಸ್ಪ್ರೇ ಹೊಡೆದಿದ್ದರೆ ಇದೇ ಆಲ್ಕೊಹಾಲಿನಿಂದ ಬೋರ್ಡನ್ನು ಮೃದು ಬ್ರಶ್ಶಿನಲ್ಲಿ ತೊಳೆದು ಒಂದು ರಾತ್ರಿ ಒಣಗಲು ಬಿಡಿ. ಬೇರೆ ದಾರಿ ಇಲ್ಲ.

ನಿಮ್ಮದು ಯಾವ ಬಗೆ?

‘ಟಚ್’ ಎಂದು ಬರೆದಿದ್ದೆಲ್ಲ ಒಂದೇ ಅಲ್ಲ. ಬೆರಳಿಗೆ ‘ಟಿಕ್’ ಎಂದು ಸಣ್ಣ ಸಪ್ಪಳ ಸಿಕ್ಕರೆ ಒಳಗಿರುವುದು ಟ್ಯಾಕ್ಟ್ ಸ್ವಿಚ್. ಜಾಹೀರಾತಿನವರು ಇದಕ್ಕೇ ಫೆದರ್ ಟಚ್ ಎಂದು ಹೆಸರಿಟ್ಟರು. ಮೆತ್ತಗೆ ತಗ್ಗಿ ಸಪ್ಪಳವಿಲ್ಲದೆ ಮೇಲೆ ಬಂದರೆ ರಿಮೋಟಿನಲ್ಲಿರುವಂಥ ಕಾರ್ಬನ್ ರಬ್ಬರ್. ಏನೂ ಅಲುಗಾಡದೆ ಲೋಹ ಮುಟ್ಟಿದೊಡನೆ ಕೆಲಸವಾದರೆ ಅದೇ ಖರೆ ಟಚ್. ಡೆನ್ಮಾರ್ಕಿನ ಬ್ಯಾಂಗ್ ಆ್ಯಂಡ್ ಓಲುಫ್ಸೆನ್ ಕಂಪನಿಯ ಬಿಯೊಮಾಸ್ಟರ್ 1900, 1976ರಲ್ಲಿ ಬಂದದ್ದು, ಈ ಬಗೆಯಲ್ಲಿ ಹೆಸರು ಮಾಡಿದ ಸೆಟ್. ನಮ್ಮಲ್ಲಿ ಹೆಚ್ಚು ಕಾಣುವುದು ಟ್ಯಾಕ್ಟ್ ಸ್ವಿಚ್ ಇರುವ ಜಪಾನಿ ಸೆಟ್ಟುಗಳೇ.

ಲೋಹದ ಪಟ್ಟಿ ಇದ್ದರೆ

ಸೆಟ್ ಬಿಚ್ಚುವ ಮೊದಲು ಬೆರಳಿಗೆ ಒಂಚೂರು ನೀರಿನ ಪಸೆ ಹಚ್ಚಿಕೊಂಡು ಮುಟ್ಟಿ ನೋಡಿ. ಕೆಲಸ ಮಾಡಿದರೆ ಸೆಟ್ ಸರಿಯಿದೆ, ಒಣಗಿರುವುದು ನಿಮ್ಮ ಚರ್ಮ. ಎರಡು ಲೋಹದ ತುಂಡುಗಳ ನಡುವೆ ಚರ್ಮದ ಮೂಲಕ ಹರಿಯುವ ಕರೆಂಟನ್ನೇ ಈ ಸರ್ಕ್ಯೂಟ್ ಗುರುತಿಸುತ್ತದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟಿದಾಗ ಕಲಬುರಗಿಯ ಗಾಳಿಯಲ್ಲಿ ತೇವ ಎಲ್ಲಿರುತ್ತದೆ? ಒಣ ಚರ್ಮದ ರೆಸಿಸ್ಟನ್ಸ್ ಹಲವು ಮೆಗಾ ಓಮ್‌ಗೆ ಏರುತ್ತದೆ. ಮಳೆಗಾಲದಲ್ಲಿ ತಾನಾಗಿ ರಿಪೇರಿಯಾಗುವ ಸೆಟ್ಟಿನ ಗುಟ್ಟು ಇಷ್ಟೇ.

ಒಂದೇ ಪಟ್ಟಿಯ ಟಚ್ ಇದ್ದರೆ ಅದು ನಮ್ಮ ಮೈ ಹಿಡಿಯುವ 50 ಹರ್ಟ್ಸ್ ಗುನುಗನ್ನು ಬಳಸುತ್ತಿರಬಹುದು. ಅಂಥದ್ದು ಇನ್ವರ್ಟರಿನ ಮೇಲೆ ಮುನಿಸಿಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ನೇರ ಮೇನ್ಸಿಗೆ ಹಚ್ಚಿ ಪರೀಕ್ಷಿಸಿ, ಆಮೇಲೆ ದೂರಿ.

ಇನ್ನೂ ಕೇಳದಿದ್ದರೆ, ಎರಡು ಪಟ್ಟಿಯ ಬಗೆಯಲ್ಲಿ ಒಂದು ಮೆಗಾ ಓಮ್ ರೆಸಿಸ್ಟರನ್ನು ಪ್ಲಾಸ್ಟಿಕ್ ಹಿಡಿಕೆಯ ಪಕ್ಕಡದಲ್ಲಿ ಹಿಡಿದು ಹೊರಗಿನಿಂದಲೇ ಎರಡಕ್ಕೂ ತಾಗಿಸಿ. ಸ್ಪಂದಿಸಿದರೆ ಪಟ್ಟಿಯ ಮೇಲ್ಮೈ ಶುಚಿ ಮಾಡಿದರೆ ಸಾಕು. ಸ್ಪಂದಿಸದಿದ್ದರೆ ಪಟ್ಟಿಯಿಂದ ಬೋರ್ಡಿಗೆ ಹೋಗುವ ತಂತಿ, ಸ್ಪ್ರಿಂಗ್, ಅದರ ಬೆಸುಗೆ ನೋಡಿ. ಅಲ್ಲಿಯೇ ಕೆಲವು ಮೆಗಾ ಓಮ್‌ನ ರೆಸಿಸ್ಟರ್ ಇರುತ್ತದೆ. ಹಳತಾದಂತೆ ಅದರ ರೆಸಿಸ್ಟನ್ಸ್ ಏರಿ ಕಡೆಗೆ ಓಪನ್ ಆಗುತ್ತದೆ. ಅಷ್ಟೇ ಓಮ್‌ನ ಹೊಸದನ್ನು ಹಾಕಿ. ಆ ಜಾಗದಲ್ಲಿ ತಂತಿ ತುಂಡು ಬೆಸೆದು ‘ಆಯಿತು’ ಎನ್ನುವ ಮೆಕ್ಯಾನಿಕ್ಕನನ್ನು ಮತ್ತೆ ಮನೆಗೆ ಸೇರಿಸಬೇಡಿ. ಒಳಗೆ ಏನಾದರೂ ಶಾರ್ಟ್ ಆದ ದಿನ ನಿಮ್ಮ ಬೆರಳಿಗೂ ಕರೆಂಟಿಗೂ ನಡುವೆ ನಿಲ್ಲುವುದು ಆ ರೆಸಿಸ್ಟರ್.

ಏರ್ ಕೂಲರ್ ಎದುರು ಸೆಟ್ ಇಟ್ಟವರಿಗೆ ಒಂದು ಮಾತು: ಬೋರ್‌ವೆಲ್ ನೀರಿನ ಉಪ್ಪು ಗಾಳಿಯೊಂದಿಗೆ ಬಂದು ಫಲಕದ ಹಿಂದೆ ಬೆಳ್ಳಗೆ ಕೂತಿರುತ್ತದೆ. ಸೆಟ್ಟಿನ ಜಾಗ ಬದಲಿಸದೆ ಎಷ್ಟು ಸಲ ಶುಚಿ ಮಾಡಿದರೂ ವ್ಯರ್ಥ.

ಟ್ಯಾಕ್ಟ್ ಸ್ವಿಚ್ ಇದ್ದರೆ

ಮುಂಭಾಗದ ಫಲಕ ಬಿಡಿಸಿ, ಬೋರ್ಡ್ ಹೊರತೆಗೆಯಿರಿ. ಮೀಟರನ್ನು ಓಮ್‌ಗೆ ಇಟ್ಟು ಗುಂಡಿ ಒತ್ತಿ. ಒಳ್ಳೆಯ ಸ್ವಿಚ್ ಒಂದು ಓಮ್‌ನ ಆಸುಪಾಸು ತೋರಿಸುತ್ತದೆ. ನೂರಾರು, ಸಾವಿರಾರು ಓಮ್ ತೋರಿಸಿದರೆ ಒಳಗಿನ ಲೋಹ ಕಪ್ಪಾಗಿದೆ. ನಾಲ್ಕು ಕಾಲಿನಲ್ಲಿ ಎರಡೆರಡು ಒಳಗೇ ಜೋಡಿಯಾಗಿರುತ್ತವೆ, ಆದ್ದರಿಂದ ಒತ್ತದೆಯೂ ಸೊನ್ನೆ ತೋರಿಸಿದರೆ ಬೇರೆ ಕಾಲು ಹಿಡಿದು ನೋಡಿ. ಒಂದು ಗುಂಡಿ ಒತ್ತಿದರೆ ಇನ್ನೊಂದರ ಕೆಲಸ ನಡೆಯುವುದೂ ಕೆಲವು ಸೆಟ್ಟುಗಳಲ್ಲಿ ಇದೇ ರೋಗ. ಅಲ್ಲಿ ಪ್ರತಿ ಗುಂಡಿಗೂ ಬೇರೆ ಬೇರೆ ವೋಲ್ಟೇಜ್. ಕೆಟ್ಟ ಸ್ವಿಚ್ ಅದನ್ನು ಏರುಪೇರು ಮಾಡುತ್ತದೆ. ‘ಐಸಿ ಹೋಗ್ಯಾದ’ ಎಂಬ ತೀರ್ಪನ್ನು ಇಷ್ಟು ಅಳೆಯುವವರೆಗೆ ನಂಬಬೇಡಿ.

ಕೆಟ್ಟ ಸ್ವಿಚ್ಚನ್ನು ಬದಲಿಸಬೇಕು, ತೊಳೆಯುವುದು ತಾತ್ಕಾಲಿಕ. ಒಂದು ಹೋಗಿದ್ದರೆ ಉಳಿದವಕ್ಕೂ ಅದೇ ವಯಸ್ಸು, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಸಾಮಾನ್ಯ ಅಳತೆ 6×6 ಮಿಲಿಮೀಟರ್. ಎತ್ತರ ಮಾತ್ರ ಅಳೆದು ತನ್ನಿ, ಅರ್ಧ ಮಿಲಿಮೀಟರ್ ಹೆಚ್ಚಾದರೂ ಗುಂಡಿ ಸದಾ ಒತ್ತಿಯೇ ಇರುತ್ತದೆ. ಕಲಬುರಗಿಯ ಅಂಗಡಿಗಳಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿ ಇದ್ದೇ ಇದೆ. ಬೆಸುಗೆ ಕಡ್ಡಿ 25 ವ್ಯಾಟಿನದು ಸಾಕು. ಹಳೇ ಬೋರ್ಡಿನ ತಾಮ್ರದ ಗೆರೆ ಬಿಸಿ ಹೆಚ್ಚಾದರೆ ಎದ್ದು ಬರುತ್ತದೆ. ತವರವನ್ನು ಪಂಪಿನಿಂದ ಪೂರ್ತಿ ಎಳೆದ ಮೇಲೆಯೇ ಸ್ವಿಚ್ ಕೀಳಿ.

ಉಳಿದದ್ದು

ಕಾರ್ಬನ್ ರಬ್ಬರನ್ನು ಆಲ್ಕೊಹಾಲ್ ಹತ್ತಿಯಿಂದ ಹಗುರವಾಗಿ ಒರೆಸಿ, ಮರಳು ಕಾಗದ ತಾಗಿಸಬೇಡಿ. ಎಲ್ಲ ಗುಂಡಿಗಳೂ ಒಟ್ಟಿಗೆ ಸತ್ತಿದ್ದರೆ ತಪ್ಪು ಗುಂಡಿಯದಲ್ಲ: ರಿಬ್ಬನ್ ಕೇಬಲ್ ಕಿತ್ತು ಕೂರಿಸಿ, ಕಂಟ್ರೋಲ್ ಐಸಿಗೆ ಸಾಮಾನ್ಯವಾಗಿ ಬೇಕಾದ 5 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಬಾರದಿದ್ದರೆ ಪವರ್ ಸಪ್ಲೈ ಬಲ್ಲವರಿಗೆ ಕೊಡಿ. ಜೋಡಿಸಿದ ಮೇಲೆ ಮೊದಲ ಸಲ 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಇಟ್ಟು ಚಾಲೂ ಮಾಡಿ, ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ತಕ್ಷಣ ಪ್ಲಗ್ ಕೀಳಿ.